ಸೊರಗಿದ ಕಿಡಿ

ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ಜನವರಿ ತಿಂಗಳ ಚಳಿ ಹಲ್ಲು ಕಟಕಟಿಸುವ ಚಳಿಯಷ್ಟೇ ಅಲ್ಲ. ಎಂಜಿನ್ನಿನೊಳಗಿನ ಎಣ್ಣೆಯೂ ಮಂದವಾಗಿ ಜಿಗುಟು ಹಿಡಿಯುವ ಚಳಿ. ಉಷ್ಣಮಾಪಕ ಸೊನ್ನೆಯಿಂದ ಹತ್ತು ಹದಿನೈದು ಡಿಗ್ರಿ ಕೆಳಗಿಳಿದರೆ ಅಲ್ಲಿ ಅದೊಂದು ಸುದ್ದಿಯೇ ಅಲ್ಲ. ಅಂಥ ಒಂದು ಬೆಳಗಿನ ಜಾವ, ಊರಂಚಿನ ಮನೆಯೊಂದರ ಮುಂದೆ ಹಳೆಯ ಪಿಕಪ್ ಟ್ರಕ್ಕೊಂದು ನಿಂತಿದೆಯೆಂದು ವಾಚಕರು ಭಾವಿಸಿಕೊಳ್ಳಬೇಕು. 1968ನೆಯ ಇಸವಿಯ ಷೆವರ್ಲೆ ಗಾಡಿ. ಮುಂದೆ ಮೂವರು ಒತ್ತಿಕೊಂಡು ಕೂಡಬಹುದಾದ ಒಂದೇ ಉದ್ದನೆಯ ಪೀಠ. ಹಿಂದೆ ಹುಲ್ಲಿನ ಪಿಂಡಿಯಾಗಲಿ ಗೊಬ್ಬರದ ಮೂಟೆಯಾಗಲಿ ಏನು ಹೇರಿದರೂ ಒಲ್ಲೆನೆನ್ನದ ತೆರೆದ ತೊಟ್ಟಿ. ಬಾನೆಟ್ಟಿನ ಕೆಳಗೆ ಸಾಲಾಗಿ ನಿಂತ ಆರು ಸಿಲಿಂಡರುಗಳ, 250 ಘನ ಅಂಗುಲದ ಎಂಜಿನ್ನು.

ಗಾಡಿ ತಾತನದು. ತಾತ ಈಗ ಇಲ್ಲ. ಮೊಮ್ಮಗನಿಗೆ ಪಿತ್ರಾರ್ಜಿತವಾಗಿ ಬಂದುದು ಇದೊಂದೇ. ಇಪ್ಪತ್ತು ಮೈಲಿ ದೂರದ ಪಟ್ಟಣದ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಬೆಳಗಿನ ಆರು ಗಂಟೆಗೆ ಸರಿಯಾಗಿ ಬಾಗಿಲಲ್ಲಿರಬೇಕು. ಆ ಹಾದಿಯಲ್ಲಿ ಬಸ್ಸಿಲ್ಲ. ತಿಂಗಳು ಮುಗಿಯುವ ಮೊದಲೇ ಎರಡು ದಿನ ತಡವಾಗಿದ್ದಾನೆ. ಮೂರನೆಯ ಸಲ ತಡವಾದರೆ ಬರುವ ಶ್ರಮವನ್ನೇ ತೆಗೆದುಕೊಳ್ಳಬೇಕಾಗಿಲ್ಲವೆಂದು ಮೇಲಿನವರು ಹೇಳಿಯಾಗಿದೆ.

ಕಾರಣ ಈ ಗಾಡಿಯೇ. ಬೇಸಗೆಯಲ್ಲೆಲ್ಲ ಮಗುವಿನಂತೆ ಹೇಳಿದ ಮಾತು ಕೇಳುತ್ತಿದ್ದುದು ಚಳಿ ಕಾಲಿಟ್ಟೊಡನೆ ಮೊಂಡುತನ ಹಿಡಿಯಿತು. ಕೀಲಿ ತಿರುಗಿಸಿದರೆ ಎಂಜಿನ್ನು ನರಳುತ್ತಾ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಒಂದು ಪ್ಲಗ್ಗನ್ನು ಬಿಚ್ಚಿ, ತಂತಿ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿಟ್ಟು, ಗೆಳೆಯನೊಬ್ಬನಿಂದ ಕೀಲಿ ತಿರುಗಿಸಿ ನೋಡಿದ. ಕಿಡಿ ಇತ್ತು, ಆದರೆ ಆರಿಹೋಗುತ್ತಿರುವ ಹಣತೆಯ ಕುಡಿಯಂತೆ ಸಣ್ಣಗೆ, ಹಳದಿಯಾಗಿ, ಸದ್ದಿಲ್ಲದೆ ಇತ್ತು. ಸರಿಯಾದ ಕಿಡಿ ನೀಲಿ ಬೆರೆತ ಬಿಳುಪಾಗಿರಬೇಕು, ಚಟ್ ಚಟ್ ಎಂದು ಕಿವಿಗೆ ಕೇಳಬೇಕು.

ಕಿಡಿ ಸೊರಗಿದೆಯೆಂದು ತಿಳಿದದ್ದೇ ತಡ, ಹುಡುಗ ಅಂಗಡಿಗೆ ಓಡಿದ. ಯಂತ್ರ ಕೆಟ್ಟಾಗ ಮನುಷ್ಯನ ಕೈ ಬುದ್ಧಿಗಿಂತ ಮೊದಲು ಜೇಬನ್ನು ಹುಡುಕುತ್ತದೆ. ಹೊಸ ಪ್ಲಗ್ಗುಗಳು ಆರು, ಹೊಸ ತಂತಿಗಳು, ಹೊಸ ಕ್ಯಾಪು, ಕೊನೆಗೆ ಎಲ್ಲಕ್ಕೂ ಮೂಲವೆಂದು ಅಂಗಡಿಯವನು ಹೇಳಿದ ಹೊಸ ಕಾಯಿಲು. ಎರಡು ವಾರದ ಉಳಿತಾಯ ಕರಗಿತು. ಕಿಡಿ ಮಾತ್ರ ಮೊದಲಿಗಿಂತಲೂ ಬಡವಾಯಿತು! ಹೊಸ ಸಾಮಾನು ಹಾಕಿದ ಮೇಲೆ ರೋಗ ಹೆಚ್ಚಿದ್ದನ್ನು ಕಂಡು ಹುಡುಗ ಗಾಡಿಯನ್ನು ಗುಜರಿಗೆ ಕೊಡುವ ಮಾತನ್ನಾಡತೊಡಗಿದ.

ಈ ಹಂತದಲ್ಲಿ ನೆರೆಮನೆಯ ಮುದುಕನ ಪ್ರವೇಶವಾಗುತ್ತದೆ. ಮೋಟಾರು ಷೆಡ್ಡಿನಲ್ಲಿ ಆಯುಸ್ಸು ಸವೆಸಿ ನಿವೃತ್ತನಾದವನು. ಕೈಯಲ್ಲಿ ಹೊಸ ಸಾಮಾನು ಯಾವುದೂ ಇಲ್ಲ. ಒಂದು ವೋಲ್ಟ್ ಮೀಟರು, ಒಂದು ಟಾರ್ಚು. ಬಾನೆಟ್ಟು ಎತ್ತುವ ಮೊದಲು ಅವನು ಕೇಳಿದ್ದು ಒಂದೇ ಪ್ರಶ್ನೆ.

"ಹೊತ್ತಿಕೊಳ್ಳುವ ದಿನ ಯಾವಾಗ ಹೊತ್ತಿಕೊಳ್ಳುತ್ತದೆ ಮಗೂ? ಕೀಲಿಯನ್ನು ಒತ್ತಿ ಹಿಡಿದಿರುವಾಗಲೋ, ಕೈ ಬಿಟ್ಟ ಕ್ಷಣದಲ್ಲೋ?"

ಹುಡುಗ ಯೋಚಿಸಿದ. "ಬೇಸತ್ತು ಕೈ ಬಿಡುತ್ತೇನಲ್ಲ, ಆಗಲೇ ಒಮ್ಮೆ ಕೆಮ್ಮಿ ಹೊತ್ತಿಕೊಳ್ಳುತ್ತದೆ. ಯಾವಾಗಲೂ ಹಾಗೆಯೇ."

ಮುದುಕ ತಲೆಯಾಡಿಸಿದ. ಅವನಿಗೆ ಅರ್ಧ ಉತ್ತರ ಸಿಕ್ಕಿತ್ತು. ವಾಚಕರಿಗೂ ಅದು ಸಿಕ್ಕಬೇಕಾದರೆ ಇವರಿಬ್ಬರನ್ನೂ ಕೊಂಚ ಹೊತ್ತು ಚಳಿಯಲ್ಲಿಯೇ ನಿಲ್ಲಿಸಿ, ಈ ಕಿಡಿಯ ವಿದ್ಯೆ ಹುಟ್ಟಿದ ಸ್ಥಳಕ್ಕೆ ಹೋಗಿಬರಬೇಕು. ಅದು ಹುಟ್ಟಿದ್ದು ಒಂದು ಕೊಟ್ಟಿಗೆಯಲ್ಲಿ.

ಓಹಾಯೋ ಸಂಸ್ಥಾನದ ಒಕ್ಕಲು ಮನೆತನದಲ್ಲಿ 1876ರಲ್ಲಿ ಹುಟ್ಟಿದ ಚಾರ್ಲ್ಸ್ ಕೆಟರಿಂಗ್, ಡೇಟನ್ ನಗರದಲ್ಲಿ ಅಂಗಡಿಗಳ ಹಣದ ಯಂತ್ರಗಳನ್ನು ತಯಾರಿಸುವ ಕಂಪೆನಿಯ ಎಂಜಿನಿಯರನಾಗಿದ್ದ. ಹಗಲು ಕಂಪೆನಿಯ ಕೆಲಸ. ಸಂಜೆಯಾದ ಮೇಲೆ ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್‌ನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಮೋಟಾರು ಗಾಡಿಗೆ ಒಳ್ಳೆಯ ಕಿಡಿಯೊದಗಿಸುವ ಪ್ರಯೋಗ. ಆ ಕಾಲದ ಫೋರ್ಡ್ ಗಾಡಿಯಲ್ಲಿ ಸಿಲಿಂಡರಿಗೊಂದರಂತೆ ನಾಲ್ಕು ಕಾಯಿಲುಗಳು ಪೆಟ್ಟಿಗೆಯೊಳಗೆ ಜೇನುಹುಳುವಿನಂತೆ ಗುಂಯ್‌ಗುಡುತ್ತಾ ಕಿಡಿಗಳ ಸುರಿಮಳೆಯನ್ನೇ ಕರೆಯುತ್ತಿದ್ದವು. ಬೇಕಾದ ಕ್ಷಣಕ್ಕೆ, ಬೇಕಾದ ಒಂದೇ ಬಲವಾದ ಕಿಡಿ ಸಾಕೆಂಬುದು ಕೆಟರಿಂಗನ ವಾದ. 1909ರಲ್ಲಿ ಡೀಡ್ಸ್‌ನೊಡನೆ ಸೇರಿ ಅವನು ಕಟ್ಟಿದ ಕಂಪೆನಿಯ ಸಂಕ್ಷಿಪ್ತ ನಾಮವೇ ಡೆಲ್ಕೋ. 1910ರ ಕ್ಯಾಡಿಲಾಕ್ ಗಾಡಿಗಳಲ್ಲಿ ಆ ಏರ್ಪಾಡು ಬಂದಿತು. ಸ್ಪೇನ್ ದೇಶದಲ್ಲಿ ಡಿಸ್ಟ್ರಿಬ್ಯೂಟರಿಗೆ 'ಡೆಲ್ಕೋ' ಎಂಬುದೇ ಹೆಸರಾಗಿ, ಅಲ್ಲಿನ ನಿಘಂಟನ್ನೂ ಸೇರಿಬಿಟ್ಟಿದೆ. ಮುಂದೆ ಅರವತ್ತು ವರ್ಷಗಳಿಗೂ ಮೀರಿ ಪೆಟ್ರೋಲು ಗಾಡಿಗಳನ್ನು ಬಹುಮಟ್ಟಿಗೆ ಈ ಉಪಾಯವೇ ನಡೆಸಿತು. ಕನ್ನಡನಾಡಿನಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳನ್ನು ಓಡಿಸಿದ ಹಿರಿಯ ಚಾಲಕರು ಉಗುರುಕಾಗದದಿಂದ ಉಜ್ಜುತ್ತಿದ್ದ ಪಾಯಿಂಟು ಇದೇ ಕುಲದ್ದು.

ಉಪಾಯ ಇಷ್ಟೆ. ಕಾಯಿಲಿನೊಳಗೆ ಕಬ್ಬಿಣದ ಗರ್ಭಕ್ಕೆ ಸುತ್ತಿದ ಎರಡು ಸುರುಳಿಗಳು: ಒಂದು ದಪ್ಪ ತಂತಿಯದು, ಕೆಲವು ನೂರು ಸುತ್ತು, ಇನ್ನೊಂದು ಕೂದಲೆಳೆಯಂಥ ತಂತಿಯದು, ಅದರ ನೂರರಷ್ಟು ಸುತ್ತು. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು ಕೂಡಿರುವಷ್ಟು ಹೊತ್ತು ಬ್ಯಾಟರಿಯ 12 ವೋಲ್ಟಿನ ಪ್ರವಾಹ ದಪ್ಪ ಸುರುಳಿಯಲ್ಲಿ ಹರಿದು ಕಬ್ಬಿಣವನ್ನು ಅಯಸ್ಕಾಂತವಾಗಿಸುತ್ತದೆ. ಪಾಯಿಂಟು ಬಿಚ್ಚಿಕೊಂಡಿತೋ, ಆ ಕಾಂತಶಕ್ತಿ ತಟ್ಟನೆ ಕುಸಿಯುತ್ತದೆ. ಕುಸಿಯುವ ರಭಸಕ್ಕೆ ಸಣ್ಣ ಸುರುಳಿಯಲ್ಲಿ ಇಪ್ಪತ್ತು ಸಾವಿರ ವೋಲ್ಟಿನಷ್ಟು ಒತ್ತಡವೇಳುತ್ತದೆ. ಅದೇ ಪ್ಲಗ್ಗಿನ ಸಂದಿಯನ್ನು ಹಾರುವ ಕಿಡಿ. ಕುಸಿತ ತಟ್ಟನೆಯೇ ಆಗಬೇಕು, ನಿಧಾನವಾದರೆ ಪ್ರಯೋಜನವಿಲ್ಲ. ಬಿಚ್ಚುತ್ತಿರುವ ಪಾಯಿಂಟಿನ ನಡುವೆಯೇ ಪ್ರವಾಹ ಜಿಗಿದು ಉರಿಯದಂತೆ ಅದನ್ನು ಪಕ್ಕಕ್ಕೆ ಎಳೆದುಕೊಳ್ಳಲೆಂದೇ ಹೆಬ್ಬೆರಳ ಗಾತ್ರದ ಕಂಡೆನ್ಸರು ಇರುವುದು. ಅದು ಸತ್ತರೆ ಕಿಡಿ ಬಾಡುತ್ತದೆ, ಪಾಯಿಂಟಿನ ತುದಿ ಕರಕಾಗುತ್ತದೆ. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಈ ತುಂಬುವ-ಸುರಿಯುವ ಆಟ ಸೆಕೆಂಡಿಗೆ 150 ಸಲ ನಡೆಯುತ್ತದೆ.

ಇಲ್ಲಿಯೇ ಗಣಿತದ ಒಂದು ಸಣ್ಣ ಮಾತಿದೆ. ಹುಡುಗನ ದುಡ್ಡೆಲ್ಲ ಹೋದದ್ದು ಇದನ್ನು ತಿಳಿಯದೆ. ಕಾಯಿಲಿನಲ್ಲಿ ಕೂಡಿಡುವ ಶಕ್ತಿ ಪ್ರವಾಹದ ಪ್ರಮಾಣವನ್ನಲ್ಲ, ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. 4 ಆಂಪಿಯರಿನ ಬದಲು 3 ಹರಿದರೆ ನಷ್ಟ ಕಾಲುಭಾಗವೆಂದು ತೋರುತ್ತದೆ. ವಾಸ್ತವವಾಗಿ ಹದಿನಾರರಲ್ಲಿ ಏಳು ಪಾಲು, ಅಂದರೆ ಹತ್ತಿರ ಹತ್ತಿರ ಅರ್ಧವೇ, ಹೋಗಿರುತ್ತದೆ. ಅಷ್ಟನ್ನು ಕಳೆಯಲು ದೊಡ್ಡ ವಿಪತ್ತೇನೂ ಬೇಕಾಗಿಲ್ಲ. ಈ ಷೆವರ್ಲೆಯಲ್ಲಿ ದಪ್ಪ ಸುರುಳಿಯ ಅಡಚಣೆ ಸುಮಾರು 1.3 ಓಮು, ಸ್ವಿಚ್ಚಿನಿಂದ ಕಾಯಿಲಿಗೆ ಬರುವ ದಾರಿಯಲ್ಲಿ ಬೇಕೆಂದೇ ಹಾಕಿದ, ನೋಡುವುದಕ್ಕೆ ಸಾಧಾರಣ ತಂತಿಯಂತೆಯೇ ಇರುವ ಅಡಚಣೆ ತಂತಿಯದು ಸುಮಾರು 1.8. ಎರಡೂ ಕೂಡಿ ಮೂರು ಚಿಲ್ಲರೆ. ಪ್ರವಾಹ ಸುಮಾರು 4 ಆಂಪಿಯರು. ಈ ದಾರಿಯಲ್ಲಿ ತುಕ್ಕಿನಿಂದಲೋ ಸಡಿಲ ತಿರುಪಿನಿಂದಲೋ ಇನ್ನೊಂದೇ ಒಂದು ಓಮು ಸೇರಿಕೊಂಡರೆ ಪ್ರವಾಹ 3ಕ್ಕೆ ಇಳಿಯುತ್ತದೆ. ಬೆರಳಿನಲ್ಲಿ ಒರಸಿದರೆ ಹೋಗಬಹುದಾದಷ್ಟು ತುಕ್ಕು ಅರ್ಧ ಕಿಡಿಯನ್ನು ನುಂಗಿ ಕುಳಿತಿರುತ್ತದೆ! ಇಪ್ಪತ್ತು ಸಾವಿರ ವೋಲ್ಟಿನ ಕಡೆಯಲ್ಲಿ ಕಾಣುವ ಬಡತನದ ಮೂಲವನ್ನು ಎಷ್ಟೋ ಸಲ ಹನ್ನೆರಡು ವೋಲ್ಟಿನ ಕಡೆಯಲ್ಲಿ ಹುಡುಕಬೇಕಾಗುತ್ತದೆ. ಹುಡುಗ ಕೊಂಡುತಂದ ಪ್ಲಗ್ಗು, ತಂತಿ, ಕ್ಯಾಪುಗಳೆಲ್ಲ ಆಚೆಯ ಕಡೆಯವು.

ಬೇಕೆಂದೇ ಹಾಕಿದ ಆ ಅಡಚಣೆ ಏತಕ್ಕೆ ಎಂದು ವಾಚಕರು ಕೇಳುವುದು ನ್ಯಾಯ. ಪೂರ್ತಿ 12 ವೋಲ್ಟು ಸದಾ ಹರಿದರೆ ಕಾಯಿಲು ಕಾಯುತ್ತದೆ, ಪಾಯಿಂಟು ಬೇಗ ಸುಟ್ಟುಹೋಗುತ್ತದೆ. ಆದುದರಿಂದ ಗಾಡಿ ಓಡುತ್ತಿರುವಾಗ ಅಡಚಣೆಯ ಮೂಲಕ ಹಿತಮಿತವಾದ ಪ್ರವಾಹ. ಆದರೆ ಸ್ಟಾರ್ಟರು ತಿರುಗುವಾಗಿನ ಸ್ಥಿತಿಯೇ ಬೇರೆ. ಎಂಜಿನ್ನನ್ನು ಹೊರಳಿಸಲು ಅದು ಬ್ಯಾಟರಿಯಿಂದ ನೂರೈವತ್ತು ಇನ್ನೂರು ಆಂಪಿಯರುಗಳನ್ನು ಒಮ್ಮೆಲೇ ಹೀರುತ್ತದೆ. ಹನ್ನೆರಡೂವರೆ ವೋಲ್ಟಿನ ಬ್ಯಾಟರಿ ಒಂಬತ್ತು ಹತ್ತಕ್ಕೆ ಕುಸಿಯುತ್ತದೆ. ಕಿಡಿ ಅತ್ಯಂತ ಬಲವಾಗಿರಬೇಕಾದ ಘಳಿಗೆಯಲ್ಲಿಯೇ ಈ ದುರ್ಭಿಕ್ಷ. ಅದಕ್ಕೆ ತಯಾರಕರು ಮಾಡಿದ ಪರಿಹಾರ ಜಾಣತನದ್ದು: ಸ್ಟಾರ್ಟರಿನ ಮೇಲಿರುವ ಸೊಲೆನಾಯಿಡಿನಿಂದ ಕಾಯಿಲಿಗೆ ಒಂದು ಒಳದಾರಿ, ಹಳದಿ ಬಣ್ಣದ ತಂತಿ. ಕೀಲಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಅಡಚಣೆಯನ್ನು ಬಳಸಿಕೊಂಡು ಬ್ಯಾಟರಿಯಲ್ಲಿರುವುದೆಲ್ಲ ನೇರವಾಗಿ ಕಾಯಿಲಿಗೆ ಬರುತ್ತದೆ. ಕೈ ಬಿಟ್ಟೊಡನೆ ಒಳದಾರಿ ಮುಚ್ಚಿ ಹೆದ್ದಾರಿ ಉಳಿಯುತ್ತದೆ.

ಮುದುಕನ ಪ್ರಶ್ನೆಯ ಮರ್ಮ ಈಗ ಬಿಚ್ಚಿಕೊಳ್ಳುತ್ತದೆ. ಒತ್ತಿ ಹಿಡಿದಾಗ ಹೊತ್ತದೆ, ಕೈ ಬಿಟ್ಟಾಗ ಬ್ಯಾಟರಿ ಚೇತರಿಸಿಕೊಂಡ ಆ ಕ್ಷಣಾರ್ಧದಲ್ಲಿ ಹೊತ್ತಿಕೊಳ್ಳುವ ಗಾಡಿಯಲ್ಲಿ ಒಳದಾರಿ ಕಡಿದುಹೋಗಿರಬೇಕು. ಇದಕ್ಕೆ ವಿಪರೀತವಾಗಿ, ಒತ್ತಿ ಹಿಡಿದಾಗ ಹೊತ್ತಿ ಕೈ ಬಿಟ್ಟೊಡನೆ ಸಾಯುವ ಗಾಡಿಯೂ ಉಂಟು. ಅಲ್ಲಿ ಕಡಿದಿರುವುದು ಹೆದ್ದಾರಿ, ಅಂದರೆ ಅಡಚಣೆ ತಂತಿ. ಬೇಸಗೆಯಲ್ಲಿ ಹುಡುಗನ ಗಾಡಿ ಮರ್ಯಾದೆಯಾಗಿದ್ದುದೂ ಆಶ್ಚರ್ಯವಲ್ಲ. ಆಗ ಎಣ್ಣೆ ತೆಳು, ಸ್ಟಾರ್ಟರಿನ ಹಸಿವು ಕಡಮೆ, ಬ್ಯಾಟರಿ ಅಷ್ಟಾಗಿ ಕುಸಿಯುತ್ತಿರಲಿಲ್ಲ, ಪೆಟ್ರೋಲೂ ಸುಲಭವಾಗಿ ಆವಿಯಾಗುತ್ತಿತ್ತು. ರೋಗ ಮೊದಲೇ ಇತ್ತು. ಚಳಿ ಅದನ್ನು ಬಯಲಿಗೆಳೆಯಿತು.

ಊಹೆ ಎಷ್ಟೇ ಚೆನ್ನಾಗಿದ್ದರೂ ಅಳೆಯದೆ ನಂಬುವವನಲ್ಲ ಮುದುಕ. ಗೇರು ತಟಸ್ಥದಲ್ಲಿದೆಯೇ, ಕೈಬ್ರೇಕು ಎಳೆದಿದೆಯೇ ಎಂದು ನೋಡಿದ. ಎಂಜಿನ್ನು ಹೊತ್ತಿಕೊಳ್ಳದಿರಲೆಂದು ಕಾಯಿಲಿನ ನಡುತಂತಿಯನ್ನು ಕ್ಯಾಪಿನಿಂದ ಕಿತ್ತು ಎಂಜಿನ್ನಿನ ಮೈಗೆ ಕಟ್ಟಿದ. ಆಮೇಲೆ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೇಲಿಟ್ಟು, "ತಿರುಗಿಸು" ಎಂದ. ಒಂಬತ್ತೂವರೆ ವೋಲ್ಟು. ಚಳಿಗೆ ಇದು ತಪ್ಪಲ್ಲ, ಬ್ಯಾಟರಿ ನಿರಪರಾಧಿ. ಅದೇ ತುದಿಯನ್ನು ಕಾಯಿಲಿನ ಧನ ತಿರುಪಿಗೆ ಮುಟ್ಟಿಸಿ ಮತ್ತೆ ತಿರುಗಿಸೆಂದ. ಒಳದಾರಿ ಸರಿಯಿದ್ದಿದ್ದರೆ ಇಲ್ಲಿಯೂ ಒಂಬತ್ತರ ಮೇಲೆಯೇ ತೋರಬೇಕಾಗಿತ್ತು. ಮುಳ್ಳು ಆರರ ಗೆರೆಯ ಸುತ್ತ ತೊನೆಯುತ್ತಿತ್ತು, ಅಷ್ಟೆ.

ಮೂರನೆಯ ಅಳತೆ ಜನ ಸಾಮಾನ್ಯವಾಗಿ ಮರೆಯುವಂಥದು: ಹಿಂದಿರುಗುವ ದಾರಿಯದು. ಪ್ರವಾಹ ಕಾಯಿಲಿಗೆ ಬಂದರೆ ಸಾಲದು, ಪಾಯಿಂಟಿನ ಮೂಲಕ ಎಂಜಿನ್ನಿನ ಮೈ ಸೇರಿ, ಅಲ್ಲಿಂದ ಬ್ಯಾಟರಿಯ ಋಣ ತುದಿಗೆ ಮರಳಬೇಕು. ಮೀಟರಿನ ಒಂದು ತುದಿ ಬ್ಯಾಟರಿಯ ಋಣಕ್ಕೆ, ಇನ್ನೊಂದು ಎಂಜಿನ್ನಿನ ಮೈಗೆ. ಸ್ಟಾರ್ಟರು ತಿರುಗುತ್ತಿರುವಾಗಲೂ ಇಲ್ಲಿ ಅರ್ಧ ವೋಲ್ಟು ಮೀರಬಾರದು, ಮೀರಲಿಲ್ಲ. ಆಮೇಲೆ ಸ್ಟಾರ್ಟರನ್ನು ನಿಲ್ಲಿಸಿ, ಕೀಲಿಯನ್ನು ಮಾತ್ರ ತೆರೆದು, ಪಾಯಿಂಟು ಕೂಡಿರುವಂತೆ ಮಾಡಿ, ಕಾಯಿಲಿನ ಋಣ ತಿರುಪಿಗೂ ಎಂಜಿನ್ನಿಗೂ ನಡುವೆ ಅಳೆದ. ಚೊಕ್ಕಟವಾದ ಪಾಯಿಂಟಿನಲ್ಲಿ ಇದು ವೋಲ್ಟಿನ ಹತ್ತನೆಯ ಒಂದು ಅಥವಾ ಎರಡು ಪಾಲಿನಷ್ಟಿದ್ದರೆ ಹೆಚ್ಚು. ಇಲ್ಲಿ 0.6 ಇತ್ತು. (ಈ ಅಳತೆಯನ್ನು ಬೇಗ ಮುಗಿಸಬೇಕು. ಪಾಯಿಂಟು ಕೂಡಿದ್ದು ಕೀಲಿ ತೆರೆದೇ ಇದ್ದರೆ ಕಾಯಿಲು ಸುಮ್ಮನೆ ಕಾದು ಕೆಡುತ್ತದೆ.)

"ಎರಡು ಸಿಕ್ಕಿತು" ಎಂದ ಮುದುಕ. ಹುಡುಗನಿಗೆ ಆಶ್ಚರ್ಯ, ಇನ್ನೂ ಒಂದು ತಿರುಪನ್ನೂ ಬಿಚ್ಚಿರಲಿಲ್ಲ.

ಮೂರನೆಯದು ಸಿಕ್ಕಿದ್ದು ಮುದುಕ ಹೊಸ ಕಾಯಿಲಿನ ಮೇಲೆ ಟಾರ್ಚು ಬಿಟ್ಟಾಗ. ಅದರ ಹೊಟ್ಟೆಯ ಮೇಲೆ, ಹೊರಗಿನ ಅಡಚಣೆ ಬೇಕಾಗಿಲ್ಲವೆಂದು ಅಚ್ಚಾಗಿತ್ತು. ತಂತಿ ಬಿಚ್ಚಿ ಅಳೆದರೆ 3 ಓಮು. ತಾತನ ಕಾಲದ ಹಳೆಯ ಕಾಯಿಲು ಎಲ್ಲಿ ಎಂದು ಕೇಳಿದಾಗ ಹುಡುಗ ಗುಜರಿ ಡಬ್ಬದಿಂದ ಅದನ್ನು ಎತ್ತಿ ತಂದ. 1.3 ಓಮು, ಸಣ್ಣ ಸುರುಳಿ ಒಂಬತ್ತು ಸಾವಿರ, ಆರೋಗ್ಯವಂತ ಕಾಯಿಲು. ಅಡಚಣೆಯನ್ನು ತನ್ನೊಳಗೇ ಇಟ್ಟುಕೊಂಡ ಕಾಯಿಲನ್ನು ಅಡಚಣೆ ತಂತಿಯಿರುವ ಗಾಡಿಗೆ ಕಟ್ಟಿದರೆ ಒಂದೇ ಮನೆಗೆ ಎರಡು ಸುಂಕ ಹಾಕಿದಂತೆ. 3 ಮತ್ತು 1.8 ಕೂಡಿ 4.8 ಓಮು, ಒಳದಾರಿಯೂ ಇಲ್ಲದೆ ಒಂಬತ್ತೂವರೆ ವೋಲ್ಟಿನ ಬ್ಯಾಟರಿಯಿಂದ ಹರಿಯುವುದು 2 ಆಂಪಿಯರು ಮಾತ್ರ. ಬರಿಯ ಲೆಕ್ಕದ ಮಟ್ಟಿಗೆ ಹೇಳುವುದಾದರೆ, ಓಡುವಾಗ ಸಿಕ್ಕಬೇಕಾದ ಶಕ್ತಿಯ ಕಾಲುಭಾಗ. ದುಡ್ಡು ಕೊಟ್ಟು ಕಿಡಿಯನ್ನು ಕುಗ್ಗಿಸಿಕೊಂಡದ್ದು ಹೀಗೆ. ಅಂಗಡಿಯವನು ಸುಳ್ಳನೂ ಅಲ್ಲ, ವಂಚಕನೂ ಅಲ್ಲ. 12 ವೋಲ್ಟಿನ ಕಾಯಿಲು ಬೇಕೆಂದು ಕೇಳಿದವನಿಗೆ 12 ವೋಲ್ಟಿನ ಕಾಯಿಲನ್ನೇ ಕೊಟ್ಟಿದ್ದ.

ಇನ್ನು ಉಳಿದದ್ದು ಕೈಗೆಲಸ. ಮುದುಕ ಹುಡುಗನನ್ನು ಗಾಡಿಯ ಕೆಳಗೆ ಮಲಗಿಸಿ ಟಾರ್ಚು ಕೊಟ್ಟ. ಹಿಮ ಕರಗಲೆಂದು ಅಲ್ಲಿನ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಐವತ್ತು ಚಳಿಗಾಲಗಳ ಉಪ್ಪು ನೀರು ಗಾಡಿಯ ತಳವನ್ನೆಲ್ಲ ತಿಂದಿರುತ್ತದೆ. ಸೊಲೆನಾಯಿಡಿನ ಮೇಲೆ 'ಆರ್' ಎಂಬ ಅಕ್ಷರದ ಸಣ್ಣ ತಿರುಪು. ಅದಕ್ಕೆ ಸೇರಬೇಕಾದ ಹಳದಿ ತಂತಿಯ ಬಳೆ ಹಸಿರು ಪುಡಿಯಾಗಿ, ತಂತಿ ಗಾಳಿಯಲ್ಲಿ ನೇತಾಡುತ್ತಿತ್ತು. ಬ್ಯಾಟರಿಯ ತಂತಿಯನ್ನು ಮೊದಲು ಕಳಚಿ, ತುದಿಯನ್ನು ಕೆರೆದು ಹೊಳಪಿಸಿ, ಹೊಸ ಬಳೆಯನ್ನು ಅಮುಕಿ ಬಿಗಿದದ್ದಾಯಿತು. ಹಳೆಯ ಕಾಯಿಲು ತನ್ನ ಜಾಗಕ್ಕೆ ಮರಳಿತು.

ಪಾಯಿಂಟಿಗೆ ಮುದುಕ ಹೆಚ್ಚು ಹೊತ್ತು ತೆಗೆದುಕೊಂಡ. ಭಾರತದ ಮೆಕ್ಯಾನಿಕರಲ್ಲಿ ಅನೇಕರು ಇದನ್ನು ಪ್ಲಾಟಿನಂ ಪಾಯಿಂಟೆಂದು ಕರೆಯುವುದು ವಾಡಿಕೆ. ಆದರೆ ತುದಿಗೆ ಹಚ್ಚಿರುವ ಲೋಹ ಟಂಗ್‌ಸ್ಟನ್. ಒಂದು ತುದಿಯಲ್ಲಿ ಗುಳಿ, ಎದುರು ತುದಿಯಲ್ಲಿ ಅದಕ್ಕೆ ಸರಿಯಾದ ಗುಬ್ಬಿ ಎದ್ದಿದ್ದರೆ ಕಂಡೆನ್ಸರು ಹೊಂದಿಕೆಯಾಗಿಲ್ಲವೆಂದು ಅನುಮಾನಿಸಬೇಕು. ಇಲ್ಲಿ ಅಂಥದೇನೂ ಕಾಣಲಿಲ್ಲ. ಬೂದು ಬಣ್ಣದ ಮಸಿ ಮಾತ್ರ. ಉಗುರುಕಾಗದದಿಂದ ಉಜ್ಜಿದರೆ ಮರಳಿನ ಕಣ ಲೋಹದಲ್ಲಿ ಹೂತು ಹೊಸ ಅಡಚಣೆಯಾದೀತೆಂದು ಸಣ್ಣ ಅರದಿಂದ ಎರಡು ಸಲ ನೇವರಿಸಿ, ಒಣಗಿದ ಬಿಳಿ ರಟ್ಟಿನ ಚೂರನ್ನು ನಡುವೆ ಎಳೆದ. ರಟ್ಟು ಕಪ್ಪಾಗುವುದು ನಿಂತ ಮೇಲೆ ನಿಲ್ಲಿಸಿದ. ಸಂದಿಯನ್ನು ಅಂಗುಲದ ಸಾವಿರದ 16 ಪಾಲಿಗೆ ಹೊಂದಿಸಿದ. ಹೊಸ ಪಾಯಿಂಟಾದರೆ 19. ಈ ಅಂತರವೇನು ಮಹಾ ಎನಿಸಬಹುದು. ಸಂದಿ ಹೆಚ್ಚಾದರೆ ಪಾಯಿಂಟು ಕೂಡಿರುವ ಹೊತ್ತು ಕಡಮೆಯಾಗಿ, ಕೊಡ ತುಂಬುವ ಮೊದಲೇ ಬಾವಿಯಿಂದ ಎಳೆದಂತಾಗುತ್ತದೆ. ಸಂದಿ ಕಡಮೆಯಾದರೆ ಕಿಡಿಯ ವೇಳೆ ಹಿಂದೆ ಬೀಳುತ್ತದೆ, ಪಾಯಿಂಟು ಸುಡುತ್ತದೆ. ಮತ್ತೆ ಅಳೆದಾಗ 0.6 ಇದ್ದದ್ದು 0.1 ಆಗಿತ್ತು.

ಹುಡುಗ ಪ್ಲಗ್ಗನ್ನು ಹೊರಗಿಟ್ಟು ಮತ್ತೊಮ್ಮೆ ಕಿಡಿ ನೋಡಲು ಹೊರಟಾಗ ಮುದುಕ ತಡೆದ. ಬಯಲಿನ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರಿನೊಳಗೆ ಹಲವು ಪಟ್ಟು ಒತ್ತಿದ ಗಾಳಿಯಲ್ಲಿ ಹಾರೀತೆಂಬ ಭರವಸೆಯಿಲ್ಲ. ಒತ್ತಡ ಹೆಚ್ಚಿದಷ್ಟೂ ಅದೇ ಸಂದಿಯನ್ನು ದಾಟಲು ಹೆಚ್ಚು ವೋಲ್ಟು ಬೇಕು. ಆದುದರಿಂದ ಅವನು ಕಾಯಿಲಿನ ನಡುತಂತಿಯನ್ನೇ ರಬ್ಬರು ಹಿಡಿಯ ಇಕ್ಕಳದಲ್ಲಿ ಹಿಡಿದು, ಪೆಟ್ರೋಲು ಕೊಳವೆಯಿಂದ ದೂರದಲ್ಲಿ, ಎಂಜಿನ್ನಿನ ಮೈಯಿಂದ ಕಾಲು ಅಂಗುಲ ಎತ್ತರದಲ್ಲಿ ನಿಲ್ಲಿಸಿದ. ಬರಿಗೈಯಲ್ಲಿ ಹಿಡಿಯುವ ಶೂರರೂ ಉಂಟು. ಒಮ್ಮೆ ಹಿಡಿದವರು ಎರಡನೆಯ ಸಲ ಹಿಡಿಯುವುದಿಲ್ಲ. ಹುಡುಗ ಕೀಲಿ ತಿರುಗಿಸಿದ. ಕತ್ತಲಲ್ಲಿ ಚಟ್, ಚಟ್, ಚಟ್ ಎಂದು ನೀಲಿಯ ಸೂಜಿಗಳು ಜಿಗಿದವು.

ನಡುತಂತಿ ಕ್ಯಾಪಿಗೆ ಮರಳಿತು. ಎಂಜಿನ್ನು ಎರಡನೆಯ ಹೊರಳಿಗೇ, ಹುಡುಗನ ಕೈ ಇನ್ನೂ ಕೀಲಿಯ ಮೇಲಿರುವಾಗಲೇ, ಹೊತ್ತಿಕೊಂಡು ಗುಡುಗಿತು. ಹೊಸ ಕಾಯಿಲನ್ನು ಮುದುಕ ಅದರ ಡಬ್ಬಕ್ಕೆ ತುಂಬಿ, ಅಂಗಡಿಗೆ ಹಿಂದಿರುಗಿಸುವಂತೆ ಪೀಠದ ಮೇಲಿಟ್ಟ. ಗಂಟೆ ಐದೂಕಾಲು. ಗಾಜಿನ ಮೇಲಿನ ಹಿಮವನ್ನು ಅಂಗೈಯಗಲ ಮಾತ್ರ ಕೆರೆದು, ಉಳಿದದ್ದು ದಾರಿಯಲ್ಲಿ ಕರಗಲೆಂದು ಬಿಟ್ಟು, ಹುಡುಗ ಗಾಡಿಯನ್ನು ರಸ್ತೆಗಿಳಿಸಿದ.